ಊಟದ ಹೊತ್ತಿನ ಸೋಪು

“ಅದು ನಿನ್ನ ಲಗ್ನಪತ್ರಿಕೆ ಅಲ್ಲ ಕಣೋ ಪರಶು, ಅರಿಶಿನ ಹಚ್ಚಿದ ಮೂಲೆ ಹುಡುಕಿ ಅಲ್ಲಿಂದ ಓದೋಕೆ. ತಿರುಗಿಸಿ ಹಿಡ್ಕೊ. ಉಲ್ಟಾ ಹಿಡಿದಿದ್ದೀಯ.”

ಸೂಪರ್‌ವೈಸರ್ ವಿಶ್ವಾರಾಧ್ಯ ಹೀಗೆ ಅಂದದ್ದು ನಾಲ್ಕು ಗಂಟೆಯ ಟೀ ಹೊತ್ತಿನಲ್ಲಿ. ಶಿವಮೊಗ್ಗದ ಹೊರಗೆ, ಭದ್ರಾವತಿ ರಸ್ತೆಯ ಪಕ್ಕದ ಆ ಮಷಿನ್ ಶಾಪಿನಲ್ಲಿ ನಾಲ್ಕು ಹೊಡೆದರೆ ಎಲ್ಲ ಮಷಿನ್ನುಗಳೂ ಒಟ್ಟಿಗೇ ನಿಲ್ಲುತ್ತವೆ. ಹನ್ನೊಂದು ಜನ ನಡುವಿನ ಕಬ್ಬಿಣದ ಟೇಬಲ್ಲಿನ ಸುತ್ತ ಲೋಟ ಹಿಡಿದು ನಿಲ್ಲುತ್ತಾರೆ. ಹಗಲಿಡೀ ಕಿವಿ ತುಂಬುವ ಸದ್ದು ಆ ಹತ್ತು ನಿಮಿಷ ಇರುವುದಿಲ್ಲ. ಆಗ ಯಾರು ಏನು ಅಂದರೂ ಎಲ್ಲರಿಗೂ ಕೇಳುತ್ತದೆ.

ಪರಶುರಾಮ ಕೈಯಲ್ಲಿದ್ದ ಡ್ರಾಯಿಂಗ್ ಹಾಳೆಯನ್ನು ತಿರುಗಿಸಿದ. ತಿರುಗಿಸಿದ ಮೇಲೂ ಅವನಿಗೆ ಅದರಲ್ಲಿ ಗೆರೆಗಳ ಗೋಜಲಲ್ಲದೆ ಬೇರೇನೂ ಕಾಣಲಿಲ್ಲ.

“ಒಂಬತ್ತನೇ ಕ್ಲಾಸು ಅರ್ಧಕ್ಕೆ ಬಿಟ್ಟೋನಿಗೆ ಹೊಸ ಮಷಿನ್ ಬೇಕಂತೆ,” ವಿಶ್ವಾರಾಧ್ಯ ಲೋಟಕ್ಕೆ ಉಫ್ ಎಂದು ಊದಿದ. “ಮೊದಲು ಮೇಲೆ ಯಾವುದು, ಕೆಳಗೆ ಯಾವುದು ಅಂತ ಕಲಿ ಮಾರಾಯ.”

ನಕ್ಕರು. ಪುನೀತ್ ನಕ್ಕ, ಅವನು ಎಲ್ಲದಕ್ಕೂ ನಗುವವನು, ಅದರ ಲೆಕ್ಕವಿಲ್ಲ. ಆದರೆ ಭೂತಪ್ಪನೂ ನಕ್ಕ. ಬಾಯಲ್ಲಿದ್ದ ಟೀ ಮೂಗಿಗೆ ಹತ್ತಿ ಕೆಮ್ಮುವಷ್ಟು ನಕ್ಕ. ಪರಶುರಾಮನಿಗೆ ಚುಚ್ಚಿದ್ದು ಅದು.

ಭೂತಪ್ಪನಿಗೆ ಐವತ್ತಾರು. ಆರು ವರ್ಷದ ಹಿಂದೆ, ಹದಿನೆಂಟರ ಪರಶುರಾಮ ಈ ಶಾಪಿಗೆ ಬಂದಾಗ ಅರ ಹಿಡಿಯುವುದನ್ನು ಹೇಳಿಕೊಟ್ಟವನು ಅವನೇ. ಅಂದಿನಿಂದ ಇಬ್ಬರೂ ಹೊಂಗೆಮರದ ಕೆಳಗಿನ ಒಂದೇ ಹಲಗೆಯ ಮೇಲೆ ಕೂತು ಊಟ ಮಾಡುತ್ತಿದ್ದರು. ಭೂತಪ್ಪನಿಗೂ ಡ್ರಾಯಿಂಗ್ ಓದಲು ಬಾರದು. ಆ ಶಾಪಿನಲ್ಲಿ ಓದಬಲ್ಲವನು ವಿಶ್ವಾರಾಧ್ಯ ಒಬ್ಬನೇ. ಅವನು ಹಾಳೆ ನೋಡಿ ಕಬ್ಬಿಣದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಉಳಿದವರು ಗೆರೆ ಇದ್ದಲ್ಲಿ ಕೊರೆಯುತ್ತಿದ್ದರು. ಒಂದು ಮಾದರಿ ಕೈಗೆ ಕೊಟ್ಟರೆ ಪರಶುರಾಮ ಅದರ ಅವಳಿಯನ್ನೇ ಮಾಡಿ ಇಡುತ್ತಿದ್ದ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಆದರೆ ಕಾಗದ ಕೊಟ್ಟರೆ ಸೀಮೆಸುಣ್ಣಕ್ಕೆ ಕಾಯಲೇಬೇಕು. ದೀಪಾವಳಿ ಕಳೆದ ಮೇಲೆ ಕಂಪ್ಯೂಟರ್ ಇರುವ ಹೊಸ ಮಷಿನ್ ಬರುತ್ತದೆ, ಅದರ ಮುಂದೆ ಡ್ರಾಯಿಂಗ್ ಓದಬಲ್ಲವನೇ ನಿಲ್ಲಬೇಕು ಎಂದು ಮಾಲೀಕ ಪ್ರಸನ್ನಕುಮಾರ್ ಹೇಳಿದ್ದರು. ಪರಶುರಾಮನಿಗೆ ಆ ಮಷಿನ್ ಬೇಕಿತ್ತು. ಬೇಕು ಎಂದು ಅವನು ಬಾಯಿಬಿಟ್ಟು ಹೇಳಿದ್ದು ಭೂತಪ್ಪನೊಬ್ಬನ ಹತ್ತಿರ ಮಾತ್ರ.

ಆ ದಿನ ಪರಶುರಾಮ ಟೀ ಮುಗಿಸಿದ. ಲೋಟ ತೊಳೆದು ಇಟ್ಟ. ಆದರೆ ಒಳಗೆ ಒಂದು ಮಾತು ಕೂತುಬಿಟ್ಟಿತು: ಇದಕ್ಕೆ ಉತ್ತರ ಇದೇ ಟೇಬಲ್ಲಿನ ಹತ್ತಿರ, ಇದೇ ಹೊತ್ತಿನಲ್ಲಿ, ಇವರೆಲ್ಲರ ಎದುರಿಗೇ ಕೊಡಬೇಕು.

ಕಲಿಯುವುದಕ್ಕೆ ಹೊತ್ತು ಬೇಕಲ್ಲ. ಬೆಳಗಿನ ಬಸ್ಸಿನಲ್ಲಿ ಓದಿ ನೋಡಿದ. ಭದ್ರಾವತಿಯಿಂದ ಏಳು ಹತ್ತಕ್ಕೆ ಬಿಡುವ ಬಸ್ಸಿನಲ್ಲಿ ನಿಲ್ಲಲು ಒಂದು ಕಾಲಿಗೆ ಜಾಗ ಸಿಕ್ಕರೆ ಪುಣ್ಯ; ಹಾಳೆ ಬಿಡಿಸಿದ್ದಕ್ಕೆ ಕಾಲೇಜು ಹುಡುಗನ ಬ್ಯಾಗಿನ ಜಿಪ್ಪು ತಾಗಿ ಅದು ಅಡ್ಡಡ್ಡ ಹರಿಯಿತು. ಸಂಜೆ ಭದ್ರಾವತಿ ಓಲ್ಡ್ ಟೌನಿನ ಒಂದು ಕೋಣೆಯ ಮನೆಯಲ್ಲಿ ಓದಿ ನೋಡಿದ. ಗೋಡೆಯಾಚೆ ಮನೆ ಓನರಿನ ಟೀವಿ, ಗೋಡೆಯೀಚೆ ಹಾಸ್ಟೆಲ್ ಅಡುಗೆಮನೆಯಲ್ಲಿ ದುಡಿದು ಬಂದು ಮಲಗಿದ ಅವ್ವ ಸಣ್ಣಮ್ಮ. ದೀಪ ಹಾಕಿದರೆ ಅವಳು ಕಣ್ಣ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳೇ ಹೊರತು ಆರಿಸು ಎನ್ನುತ್ತಿರಲಿಲ್ಲ. ಅದನ್ನು ನೋಡಲಾಗದೆ ಎರಡೇ ದಿನಕ್ಕೆ ಬಿಟ್ಟ. ಹಾಗೆ ಕಳೆಯುತ್ತ ಹೋದರೆ ಉಳಿದದ್ದು ಮಧ್ಯಾಹ್ನ ಒಂದರಿಂದ ಒಂದೂವರೆ. ಊಟಕ್ಕೆ ಏಳು ನಿಮಿಷ ಸಾಕು. ಮಿಕ್ಕಿದ್ದು ಇಪ್ಪತ್ಮೂರು ನಿಮಿಷ. ದಿನಕ್ಕೆ ಅಷ್ಟೇ, ಆದರೆ ದಿನವೂ.

ಆ ಇಪ್ಪತ್ಮೂರು ನಿಮಿಷ ಅಲ್ಲಿಯವರೆಗೆ ಭೂತಪ್ಪನ ಜೊತೆ ಹಲಗೆಯ ಮೇಲೆ ಕಳೆಯುತ್ತಿದ್ದ ಹೊತ್ತು. ಪರಶುರಾಮ ಶೆಡ್ಡಿನ ಹಿಂದೆ, ಕೆಟ್ಟು ಬಿದ್ದ ಕಂಪ್ರೆಸರಿನ ಪಕ್ಕ ಕೂರತೊಡಗಿದ. ಎದುರಿಗೆ ಲೇತಿನಿಂದ ಬಂದ ಕಬ್ಬಿಣದ ಸುರುಳಿಗಳ ರಾಶಿ. ಅಲ್ಲಿಗೆ ಯಾರೂ ಬರುವುದಿಲ್ಲ. ಮೊದಲ ವಾರ ಭೂತಪ್ಪ ಹಲಗೆಯ ಮೇಲೆ ಅವನ ಜಾಗ ಬಿಟ್ಟೇ ಕೂತ. ಡಬ್ಬಿಯ ಮುಚ್ಚಳದಲ್ಲಿ ಒಂದು ಹೋಳು ಮಾವಿನ ಉಪ್ಪಿನಕಾಯಿ ಎತ್ತಿಡುತ್ತಿದ್ದ. ಅದು ಅವರ ಆರು ವರ್ಷದ ರೂಢಿ. ಒಂದು ದಿನ ಶೆಡ್ಡಿನ ಮೂಲೆಯವರೆಗೂ ಬಂದು, “ಅನ್ನ ಒಬ್ಬನೇ ತಿಂತೀಯಲ್ಲೋ, ನಾಯಿ ಥರ,” ಎಂದ. ಅವನ ಪ್ರಕಾರ ಅದು ಕರೆಯುವ ಮಾತು. ಪರಶುರಾಮ ತಲೆ ಎತ್ತಲಿಲ್ಲ. ಮುಂದಿನ ವಾರ ಹಲಗೆಯ ಮೇಲೆ ಅವನ ಜಾಗದಲ್ಲಿ ಪುನೀತ್ ಕೂತಿದ್ದ.

ಪುಸ್ತಕವನ್ನು ಪರಶುರಾಮ ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಹತ್ತಿರ ಹಳೆ ಪುಸ್ತಕ ಹರಡಿಕೊಂಡು ಕೂರುವವನಿಂದ ತಂದಿದ್ದ. ಐಟಿಐ ಮಕ್ಕಳು ಓದುವ ಡ್ರಾಯಿಂಗ್ ಪುಸ್ತಕ, ರಟ್ಟು ಕಿತ್ತುಹೋಗಿತ್ತು. ಮೊದಲ ಪುಟದಲ್ಲಿ ನೀಲಿ ಇಂಕಿನಲ್ಲಿ “ರಕ್ಷಾ, ಫಿಟ್ಟರ್” ಎಂದು ಬರೆದಿತ್ತು. ಯಾರೋ ಹುಡುಗಿ. ಪುಟಪುಟದ ಅಂಚಿನಲ್ಲೂ ಅವಳು ಏನಾದರೂ ಬರೆದಿದ್ದಳು: “ಇದು ಬರಲ್ಲ”, “ಇದು ಸುಲಭ”, “ಇವತ್ತು ಮೇಡಂ ಬೈದ್ರು”. ಮುಂದಿನಿಂದ ನೋಡಿದ ಚಿತ್ರ, ಪಕ್ಕದಿಂದ ನೋಡಿದ ಚಿತ್ರ, ಮೇಲಿನಿಂದ ನೋಡಿದ ಚಿತ್ರ, ಮೂರೂ ಸೇರಿ ಒಂದೇ ವಸ್ತು ಹೇಗಾಗುತ್ತದೆ ಎಂದು ಪರಶುರಾಮ ಹನ್ನೆರಡು ದಿನ ಒಂದೇ ಪುಟದಲ್ಲಿ ಒದ್ದಾಡಿದ. ಸಿಟ್ಟಿನಲ್ಲಿ ಪುಸ್ತಕವನ್ನು ಸುರುಳಿಯ ರಾಶಿಗೆ ಒಂದು ಸಲ ಬಿಸಾಡಿಯೂ ಆಯಿತು. ಎತ್ತಿಕೊಳ್ಳಲು ಹೋದಾಗ ಅಂಗೈ ಕುಯ್ದುಕೊಂಡ. ರಕ್ತ ಹತ್ತಿದ ಆ ಪುಟದ ಮೂಲೆಯಲ್ಲೇ ಇತ್ತು ಅವಳ ಮಾತು: “ತಲೆಗೆ ಹೋಗದಿದ್ರೆ ಸೋಪಲ್ಲಿ ಕೆತ್ತಿ ನೋಡು.”

ಮಾರನೆಯ ದಿನ ಅವ್ವನ ಬಟ್ಟೆ ಸೋಪಿನ ಅರ್ಧ ತುಂಡನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಂದ. ಹ್ಯಾಕ್ಸಾ ಬ್ಲೇಡಿನ ತುಂಡು ಚಾಕುವಾಯಿತು. ಮುಂದಿನ ಚಿತ್ರ ನೋಡಿ ಮುಂದೆ ಕೆತ್ತಿದ, ಪಕ್ಕದ ಚಿತ್ರ ನೋಡಿ ಪಕ್ಕ ಕೆತ್ತಿದ, ಮೇಲಿನದನ್ನು ನೋಡಿ ಮೇಲೆ. ಇಪ್ಪತ್ಮೂರನೇ ನಿಮಿಷಕ್ಕೆ ಕೈಯಲ್ಲಿ ಒಂದು ಮೆಟ್ಟಿಲಿನಂಥ ವಸ್ತು ಇತ್ತು. ಹಾಳೆಯ ಮೇಲಿನ ಗೋಜಲು ಎದ್ದು ಅಂಗೈಯಲ್ಲಿ ನಿಂತಿತ್ತು. ಅವನಿಗೆ ಅದನ್ನು ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಶೆಡ್ಡಿನ ಮೂಲೆಯಿಂದ ಇಣುಕಿದ. ಹೊಂಗೆಮರದ ಕೆಳಗೆ ಪುನೀತನ ಮೊಬೈಲಿನಲ್ಲಿ ಏನನ್ನೋ ನೋಡುತ್ತ ಭೂತಪ್ಪ ಹೊಟ್ಟೆ ಕುಣಿಸುತ್ತಿದ್ದ. ಪರಶುರಾಮ ಸೋಪನ್ನು ಚೀಲಕ್ಕೆ ಹಾಕಿಕೊಂಡ.

ಅಂದಿನಿಂದ ಐದು ತಿಂಗಳು, ಭಾನುವಾರ ಬಿಟ್ಟು, ದಿನಕ್ಕೊಂದು. ಪುಸ್ತಕದ ಚಿತ್ರಗಳು ಮುಗಿದ ಮೇಲೆ ಶಾಪಿನ ರ‍್ಯಾಕುಗಳಲ್ಲಿ ಟೂಲುಗಳ ಕೆಳಗೆ ಹಾಸಿದ್ದ, ಗ್ರೀಸ್ ಹತ್ತಿದ ಹಳೆಯ ಡ್ರಾಯಿಂಗುಗಳನ್ನು ಎತ್ತಿಕೊಂಡು ಬಂದು ಕೆತ್ತಿದ. ಕೆತ್ತಿದ್ದೆಲ್ಲ ಸಂಜೆ ಅವ್ವನಿಗೆ.

“ಅಲ್ಲ ಕಣೋ, ಸೋಪಿಗೂ ತೂತು ಹೊಡೀತೀಯಲ್ಲ,” ಎನ್ನುತ್ತಿದ್ದಳು ಸಣ್ಣಮ್ಮ. “ನಿನ್ನೆದು ಚೆನ್ನಾಗಿತ್ತು, ಹಲ್ಲು ಹಲ್ಲು ಇತ್ತು. ಕಾಲರ್ ಉಜ್ಜೋಕೆ ಬಂತು. ಇದೇನು ಹೀಗೆ, ಬಸವಣ್ಣನ ಬೆನ್ನಿನ ಥರ?”

“ಅದು ಬೇರಿಂಗ್ ಕ್ಯಾಪು ಅವ್ವ.”

“ಏನೋ ಒಂದು. ನೀನು ಅಲ್ಲಿ ಯಾರ ಜೊತೇನಾದ್ರೂ ಮಾತಾಡ್ತೀಯೋ ಇಲ್ವೋ? ಭೂತಪ್ಪ ಹೇಗಿದಾನೆ?”

“ಇದಾನೆ.”

ಅವಳು ಮತ್ತೆ ಕೇಳುತ್ತಿರಲಿಲ್ಲ. ಕಲ್ಲಿನ ಮೇಲೆ ಬೇರಿಂಗ್ ಕ್ಯಾಪಿನಿಂದ ಅವನ ಪ್ಯಾಂಟು ಉಜ್ಜುತ್ತಿದ್ದಳು. ಅಷ್ಟು ಕಷ್ಟಪಟ್ಟು ತಂದ ಅಂಚುಗಳೆಲ್ಲ ಮೂರು ಉಜ್ಜಿಗೆ ನೊರೆಯಾಗಿ ಭದ್ರಾ ಹೊಳೆಯ ಕಡೆಗಿನ ಚರಂಡಿಗೆ ಹೋಗುತ್ತಿದ್ದವು. ಅವನು ಕಲಿಯುತ್ತಿದ್ದಾನೆ ಎಂಬುದಕ್ಕೆ ಲೋಕದಲ್ಲಿ ಬೇರೆ ಗುರುತೇ ಇರಲಿಲ್ಲ. ಕೆಲವು ಸಲ ಕಂಪ್ರೆಸರಿನ ಪಕ್ಕ ಕೂತಾಗ ಅವನು ರಕ್ಷಾಳ ಜೊತೆ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಿದ್ದ. ನೀನು ಇದು ಬರಲ್ಲ ಅಂತ ಬರೆದಿದ್ದೀಯ, ನೋಡು, ನನಗೆ ಬಂತು. ಅವಳು ಎಲ್ಲಿದ್ದಾಳೋ, ಪುಸ್ತಕವನ್ನು ಯಾಕೆ ಮಾರಿದಳೋ. ಅವನ ಜೊತೆ ದಿನವೂ ಇಪ್ಪತ್ಮೂರು ನಿಮಿಷ ಇರುತ್ತಿದ್ದವಳು ಅವಳೊಬ್ಬಳೇ.

ನವೆಂಬರಿನ ಒಂದು ಶನಿವಾರ ಭದ್ರಾವತಿಯ ಒಂದು ಫೌಂಡ್ರಿಯಿಂದ ಒಂಬತ್ತು ಎರಕದ ಬ್ರ್ಯಾಕೆಟ್ಟುಗಳು ಬಂದವು. ಕೆಲಸ ಹೊರದೇಶದ ಹೊಸ ಪಾರ್ಟಿಯದು. ಪ್ರಸನ್ನಕುಮಾರ್ ಅದಕ್ಕಾಗಿ ಎರಡು ತಿಂಗಳು ಓಡಾಡಿದ್ದರು. ಬ್ರ್ಯಾಕೆಟ್ಟಿಗೆ ಮನುಷ್ಯನ ತಲೆಗಿದ್ದಂತೆ ಆಚೆಗೊಂದು ಈಚೆಗೊಂದು ಕಿವಿ. ಎಣ್ಣೆ ಹೋಗಲು ಒಂದೇ ಕಿವಿಗೆ ತೂತು ಕೊರೆಯಬೇಕು. ಮುಂದಿನ ಮುಖ ಇಳಿಜಾರಾಗಿ ಇದ್ದುದರಿಂದ ತಿರುಗಿಸಿ ಕೂರಿಸುವಂತಿಲ್ಲ. ತೂತು ತಪ್ಪು ಕಿವಿಗೆ ಬಿದ್ದರೆ ಎರಕ ಗುಜರಿಗೆ.

ವಿಶ್ವಾರಾಧ್ಯ ಡ್ರಾಯಿಂಗ್ ನೋಡಿದ, ಒಂಬತ್ತರ ಮೇಲೂ ಎಡಗಿವಿಗೆ ಸೀಮೆಸುಣ್ಣದ ಗುರುತು ಹಾಕಿದ, ಹಾಳೆಯನ್ನು ಬೋರ್ಡಿಗೆ ಸಿಕ್ಕಿಸಿದ. ಭೂತಪ್ಪ ಹನ್ನೆರಡೂ ಇಪ್ಪತ್ತಕ್ಕೆ ಡ್ರಿಲ್ಲಿಂಗ್ ಮಷಿನ್ ಹತ್ತಿರ ನಿಂತ. ಒಂದೊಂದು ಎರಕಕ್ಕೆ ಇಪ್ಪತ್ತು ನಿಮಿಷ. ಬಲ ಭುಜ ನೋಯುತ್ತಿದ್ದುದರಿಂದ ಹ್ಯಾಂಡಲ್ಲನ್ನು ಎಡಗೈಯಲ್ಲಿ ಒತ್ತುತ್ತಿದ್ದ.

ಪರಶುರಾಮ ಊಟಕ್ಕೆ ಹೋಗುವಾಗ ಬೋರ್ಡಿನ ಡ್ರಾಯಿಂಗಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಂಡ. ಏಳು ನಿಮಿಷಕ್ಕೆ ಊಟ ಮುಗಿಸಿ, ಇಡೀ ಸೋಪನ್ನು ಎರಡು ಮಾಡಿ, ಒಂದನ್ನು ಕೆತ್ತಿದ. ಈಗ ಕೈ ಪಳಗಿತ್ತು. ಹತ್ತು ನಿಮಿಷಕ್ಕೆ ಎರಡು ಕಿವಿಯ ಬ್ರ್ಯಾಕೆಟ್ ಎದ್ದಿತು. ತೂತು ತೋರಿಸುವ ಪಕ್ಕದ ಚಿತ್ರ ಬಲಗಡೆ ಬರೆದಿದೆ, ಅಂದರೆ ಅದು ಎಡಗಡೆಯಿಂದ ನೋಡಿದ್ದು. ನಮ್ಮ ಕಡೆಯ ರೂಢಿ ಅದು. ಮೊಳೆಯಿಂದ ಎಡಗಿವಿಗೆ ತೂತು ಹೊಡೆದ. ಸರಿಯಾಯಿತು ಎಂದುಕೊಂಡು, ಮೊಬೈಲಿನ ಚಿತ್ರವನ್ನು ದೊಡ್ಡದು ಮಾಡಿ ಮೂಲೆಯವರೆಗೂ ಸರಿಸುತ್ತ ಹೋದ.

ಪ್ರತಿ ಡ್ರಾಯಿಂಗಿನ ಮೂಲೆಯಲ್ಲೂ ಒಂದು ಪುಟ್ಟ ಗುರುತು ಇರುತ್ತದೆ: ಅಡ್ಡ ಮಲಗಿಸಿದ ಲೋಟದಂಥ ಒಂದು ಆಕಾರ, ಪಕ್ಕದಲ್ಲಿ ಒಂದರೊಳಗೊಂದು ಎರಡು ಬಳೆ. ಪುಸ್ತಕದ ಅದೇ ಚಿತ್ರದ ಪಕ್ಕ ರಕ್ಷಾ ಬರೆದಿದ್ದಳು: “ಲೋಟ ಮೊದಲೋ ಬಳೆ ಮೊದಲೋ ನೋಡ್ಕೋ. ಲೋಟ ಮೊದಲು ಅಂದ್ರೆ ನಮ್ದು. ಬಳೆ ಮೊದಲು ಅಂದ್ರೆ ಎಡ ಬಲ ಅದಲು ಬದಲು.” ಐದು ತಿಂಗಳಲ್ಲಿ ಅವನು ಕೆತ್ತಿದ ಎಲ್ಲ ಡ್ರಾಯಿಂಗಿನಲ್ಲೂ ಲೋಟವೇ ಮೊದಲಿತ್ತು. ಇದರಲ್ಲಿ ಬಳೆ ಮೊದಲಿತ್ತು.

ಅವನು ಇನ್ನೊಂದು ತುಂಡು ಎತ್ತಿಕೊಂಡ. ಪಕ್ಕದ ಚಿತ್ರ ಬಲಗಡೆಯಿಂದ ನೋಡಿದ್ದು ಎಂದುಕೊಂಡು ಕೆತ್ತಿದ. ಬಲಗಿವಿಗೆ ತೂತು ಬಂತು. ಎರಡನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದ. ಒಂದು ಜೊತೆ ಚಪ್ಪಲಿಯ ಹಾಗೆ ಕಂಡವು. ಡಿಪ್ಲೊಮಾ ಓದಿದ ವಿಶ್ವಾರಾಧ್ಯ ರೂಢಿಯ ಮೇಲೆ ಹೋಗಿ ಮೂಲೆ ನೋಡಿಲ್ಲ. ಒಂಬತ್ತನೇ ಕ್ಲಾಸಿನವನು ನೋಡಿದ್ದಾನೆ.

ಒಂದೂವರೆಗೆ ಒಳಗೆ ಬಂದ. ಎರಡೂ ಸೋಪು ಪ್ಯಾಂಟಿನ ಎರಡು ಜೇಬಿನಲ್ಲಿದ್ದವು. ಭೂತಪ್ಪ ಮೂರನೆಯ ಎರಕವನ್ನು ಮಷಿನ್ನಿಗೆ ಕಟ್ಟುತ್ತಿದ್ದ. ಪರಶುರಾಮ ಹೋಗಿ ಪಕ್ಕದಲ್ಲಿ ನಿಂತ. ಭೂತಪ್ಪ ಸ್ಪ್ಯಾನರ್ ಹಿಡಿದ ಕೈ ನಿಲ್ಲಿಸಿ ಅವನನ್ನು ನೋಡಿದ. ಎಷ್ಟೋ ತಿಂಗಳಿಂದ ಅವನು ಹಾಗೆ ಹತ್ತಿರ ಬಂದು ನಿಂತಿರಲಿಲ್ಲ.

“ಏನೋ, ಏನಾದ್ರೂ ಹೇಳ್ಬೇಕಿತ್ತಾ?”

ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸುತ್ತ ಮಷಿನ್ನುಗಳು ಕೂಗುತ್ತಿದ್ದವು. ಈಗ ಹೇಳಿದರೆ ಕೇಳುವುದು ಭೂತಪ್ಪನೊಬ್ಬನಿಗೆ. ಅವನು ಹೋಗಿ ವಿಶ್ವಾರಾಧ್ಯನಿಗೆ ಹೇಳುತ್ತಾನೆ, ವಿಶ್ವಾರಾಧ್ಯ ಸೀಮೆಸುಣ್ಣ ಒರೆಸಿ ಬಲಗಡೆ ಹಾಕುತ್ತಾನೆ, ಅಷ್ಟೇ. ಯಾರಿಗೂ ಏನೂ ಗೊತ್ತಾಗದೆ ಮುಗಿದುಹೋಗುತ್ತದೆ. ತನ್ನನ್ನು ಲಗ್ನಪತ್ರಿಕೆ ಓದುವವನು ಅಂದದ್ದು ಹೀಗೆ ಕಿವಿಯಲ್ಲಿ ಪಿಸುಗುಟ್ಟಿಯಲ್ಲವಲ್ಲ.

“ಏನಿಲ್ಲ,” ಎಂದು ತನ್ನ ಲೇತಿಗೆ ಹೋದ.

ಮೂರನೆಯದು ಇಳಿಯಿತು, ನಾಲ್ಕನೆಯದು ಹತ್ತಿತು. ಪರಶುರಾಮ ತನ್ನ ಕೆಲಸ ಮಾಡುತ್ತ ಆ ಕಡೆಗೇ ಕಣ್ಣು ಇಟ್ಟಿದ್ದ. ಐದನೆಯದಕ್ಕೆ ಭೂತಪ್ಪ ಭುಜ ಹಿಡಿದುಕೊಂಡು ಒಂದು ಗಳಿಗೆ ನಿಂತ. ಈಗ ಹೋಗಿ ಹೇಳಲೇ ಎಂದುಕೊಂಡ ಪರಶುರಾಮ. ಆದರೆ ಐದು ಆದ ಮೇಲೆ ಹೇಳುವುದು, ಮೂರಕ್ಕೆ ಹೇಳುವುದಕ್ಕಿಂತ ಕಷ್ಟವಾಗಿತ್ತು. ಏಳಕ್ಕೆ ಇನ್ನೂ ಕಷ್ಟ. ಎಂಟನೆಯದನ್ನು ಭೂತಪ್ಪ ಎತ್ತಿ ಇಡುವಾಗ ಪುನೀತ್ ಕೈ ಕೊಟ್ಟ. ಜೇಬಿನಲ್ಲಿದ್ದ ಸೋಪು ಮೈಯ ಬಿಸಿಗೆ ಅಂಟಂಟಾಗಿತ್ತು.

ನಾಲ್ಕಕ್ಕೆ ಮಷಿನ್ನುಗಳು ನಿಂತವು. ಭೂತಪ್ಪ ಒಂಬತ್ತನ್ನೂ ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿ, ತೂತುಗಳಿಗೆ ಬಾಯಿಟ್ಟು ಊದಿ ಪುಡಿ ಹಾರಿಸಿದ್ದ. ಹೊಸ ಪಾರ್ಟಿಯ ಕೆಲಸವೆಂದು ಪ್ರಸನ್ನಕುಮಾರರೂ ಆಫೀಸಿನಿಂದ ಬಂದಿದ್ದರು. ಕೇಳಬೇಕಾದವರೆಲ್ಲ ಇದ್ದರು.

ಪರಶುರಾಮ ಎರಡೂ ಸೋಪನ್ನು ಜೇಬಿನಿಂದ ತೆಗೆದು ಎರಕಗಳ ಪಕ್ಕ ಇಟ್ಟ.

“ಸಾರ್, ಇದು ನೀವು ಹಾಕಿದ ಗುರುತಿನ ಪ್ರಕಾರ ಕೆತ್ತಿದ್ದು. ಇದು ಡ್ರಾಯಿಂಗಿನ ಪ್ರಕಾರ ಕೆತ್ತಿದ್ದು. ಮೂಲೇಲಿ ಬಳೆ ಮೊದಲಿದೆ. ನೋಡಿ. ತೂತು ಬಲಗಡೆ ಬರಬೇಕು.”

ವಿಶ್ವಾರಾಧ್ಯ ನಗಲು ಹೊರಟ. ಬೋರ್ಡಿನ ಹತ್ತಿರ ಹೋಗಿ ಹಾಳೆ ಕಿತ್ತು ತಂದು ಮೂಲೆಯನ್ನು ನೋಡಿದ. ಎಷ್ಟೋ ಹೊತ್ತು ನೋಡಿದ. ಅವನ ಕುತ್ತಿಗೆ ಕೆಂಪಾಯಿತು.

“ಉಲ್ಟಾ ಹಿಡಿದಿದ್ದೀರೇನೋ ಸಾರ್,” ಎಂದ ಪರಶುರಾಮ. “ತಿರುಗಿಸಿ ನೋಡಿ.”

ಆರು ತಿಂಗಳಿಂದ ಇಟ್ಟುಕೊಂಡಿದ್ದ ಮಾತು. ಹೇಳಿದ ಮೇಲೆ ಪುನೀತನ ಕಡೆ ನೋಡಿದ. ಎಲ್ಲದಕ್ಕೂ ನಗುವ ಪುನೀತ್ ನಗಲಿಲ್ಲ. ಯಾರೂ ನಗಲಿಲ್ಲ. ಎಲ್ಲರೂ ಒಂಬತ್ತು ಎರಕಗಳನ್ನು ನೋಡುತ್ತಿದ್ದರು.

ಪ್ರಸನ್ನಕುಮಾರ್ ಹಾಳೆ ಇಸಿದುಕೊಂಡರು, ಸೋಪುಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಆಮೇಲೆ ಮೆಲ್ಲಗೆ, “ಇದನ್ನ ನಿನಗೆ ಯಾರು ಹೇಳ್ಕೊಟ್ರು?” ಎಂದರು.

“ಯಾರೂ ಇಲ್ಲ. ಊಟದ ಹೊತ್ತಲ್ಲಿ ಕಲ್ತೆ.”

“ಸೋಮವಾರದಿಂದ ಡ್ರಾಯಿಂಗ್ ಮೊದಲು ನಿನ್ನ ಕೈಗೆ ಬರುತ್ತೆ. ಹೊಸ ಮಷಿನ್ನಿಗೂ ನೀನೇ ನಿಂತ್ಕೊ.” ಅವರು ವಿಶ್ವಾರಾಧ್ಯನ ಕಡೆ ನೋಡದೆಯೇ ಹೇಳಿದರು. “ವಿಶ್ವಾರಾಧ್ಯ, ಫೌಂಡ್ರಿಗೆ ಫೋನ್ ಹಚ್ಚು. ಮತ್ತೆ ಒಂಬತ್ತು ಬೇಕು ಅಂತ ಕೇಳು.”

ಬೇಕಾದದ್ದು ಬಂದಿತ್ತು. ಹೊಸ ಮಷಿನ್ ಅವನದಾಗಿತ್ತು, ಎಲ್ಲರ ಎದುರೇ ಆಗಿತ್ತು. ಪರಶುರಾಮ ಟೀ ಲೋಟಕ್ಕೆ ಕೈ ಚಾಚಿದ.

ಆಗ ಭೂತಪ್ಪ ಮುಂದೆ ಬಂದು ಟೇಬಲ್ಲಿನ ಮೇಲಿದ್ದ ಬಲಗಿವಿಯ ಸೋಪನ್ನು ಎಡಗೈಯಲ್ಲಿ ಎತ್ತಿಕೊಂಡ. ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿದ, ತಾನು ಕಲಿಸಿದ ಹುಡುಗನ ಕೆಲಸವನ್ನು ಮುಂಚೆ ಸವರಿ ನೋಡುತ್ತಿದ್ದ ಹಾಗೆಯೇ.

“ಚೆನ್ನಾಗಿ ಮಾಡಿದ್ದೀಯ,” ಎಂದ. ನಿಜವಾಗಿಯೇ ಹೇಳಿದ. “ನೀನು ಅಲ್ಲಿ ಹಿಂದೆ ಕೂತು ಏನು ಮಾಡ್ತೀಯ ಅಂತ ನನಗೆ ಗೊತ್ತಿತ್ತು. ಒಂದೆರಡು ಸಲ ಮೂಲೆಯಿಂದ ನೋಡಿದ್ದೆ. ಆಮೇಲೆ ಕರೀಲಿಲ್ಲ. ಕಲೀತಿದ್ದೀಯ, ಕಲೀಲಿ ಅಂತ.”

ಪರಶುರಾಮ ಲೋಟ ಹಿಡಿದು ನಿಂತ.

“ಅಲ್ಲ ಪರಶು,” ಭೂತಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ, ದಾರಿ ಕೇಳುವವನ ದನಿ ಅದು. “ಊಟದ ಹೊತ್ತಲ್ಲಿ ಕೆತ್ತಿದ್ದು ಅಂದ್ಯಲ್ಲ. ಒಂದೂವರೆಗೆ ಬಂದು ನನ್ನ ಪಕ್ಕ ನಿಂತಿದ್ದೆ. ಆಗ ನಾನು ಮೂರನೇದು ಕಟ್ತಿದ್ದೆ. ಏನಾದ್ರೂ ಹೇಳ್ಬೇಕಿತ್ತಾ ಅಂತ ಕೇಳ್ದೆ.” ಅವನು ಬಲ ಭುಜವನ್ನು ಒಂದು ಸಲ ಒತ್ತಿಕೊಂಡ. “ಆಗ್ಲೇ ಗೊತ್ತಿತ್ತಾ ನಿನಗೆ?”

ಮಷಿನ್ನುಗಳೆಲ್ಲ ನಿಂತಿದ್ದವು. ಮಾತು ಎಲ್ಲರಿಗೂ ಕೇಳಿತು. ಪ್ರಸನ್ನಕುಮಾರ್ ಕತ್ತು ತಿರುಗಿಸಿದರು. ವಿಶ್ವಾರಾಧ್ಯ ಕಿವಿಯಿಂದ ಫೋನ್ ಇಳಿಸಿದ. ಭೂತಪ್ಪ ಸೋಪು ಹಿಡಿದುಕೊಂಡೇ ಕಾಯುತ್ತಿದ್ದ. ಇಲ್ಲ ಅಂದರೆ ನಂಬಲು ಅವನು ಸಿದ್ಧನಿದ್ದ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

ಪರಶುರಾಮ ಲೋಟವನ್ನು ಒಂಬತ್ತನೆಯ ಎರಕದ ಪಕ್ಕ ಇಟ್ಟ. ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಎಲ್ಲರ ಎದುರು ಏನೋ ಕೇಳಿದಾಗ ಬ್ಯಾಗನ್ನು ಬೆಂಚಿನ ಮೇಲೇ ಬಿಟ್ಟು ಎದ್ದು ಬಂದಿದ್ದ. ಅವತ್ತು ತಪ್ಪು ಮೇಷ್ಟ್ರದ್ದಿತ್ತು, ಇವತ್ತಿನದು ತನ್ನದು. ಅವನು ತಿರುಗಿ, ಡ್ರಿಲ್ಲಿಂಗ್ ಮಷಿನ್ನಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ದಾಟಿ ಬಾಗಿಲ ಕಡೆ ನಡೆದ. ಹೊಂಗೆಮರದ ಕೆಳಗಿನ ಹಲಗೆ ಖಾಲಿ ಇತ್ತು. ಊಟದ ಚೀಲ, ಅದರೊಳಗಿನ ರಕ್ಷಾಳ ಪುಸ್ತಕ, ಎರಡೂ ಕಂಪ್ರೆಸರಿನ ಪಕ್ಕದಲ್ಲೇ ಉಳಿದವು. ಗೇಟು ದಾಟಿ ಭದ್ರಾವತಿ ರಸ್ತೆಗೆ ಬಂದ. ಬಸ್ಸೊಂದು ಅವನಿಗಾಗಿ ನಿಧಾನ ಮಾಡಿ, ಕಂಡಕ್ಟರ್ ಎರಡು ಸಲ ಕೂಗಿ, ಅವನು ಹತ್ತದಿರುವುದನ್ನು ಕಂಡು ಮುಂದೆ ಹೋಯಿತು. ಅವನು ನಡೆಯುತ್ತಲೇ ಇದ್ದ. ಟೀ ಬಿಡುವು ಮುಗಿದು ಎಷ್ಟೋ ಹೊತ್ತಾಗಿತ್ತು. ಹಿಂದೆ ಶೆಡ್ಡಿನಲ್ಲಿ ಯಾವ ಮಷಿನ್ನೂ ಶುರುವಾದ ಸದ್ದು ಕೇಳಲಿಲ್ಲ.